ಡಿಸ್ಕ್ ಎಷ್ಟು ಹೊತ್ತು ಕಾಯಿಸುತ್ತದೆ? ಒಂದು ಅಳತೆಯ ಇತಿಹಾಸ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಎಂದೊಡನೆ ಹೈದರಾಲಿ ಹುಟ್ಟಿದ ಊರೆಂದು ನಿಮಗೆ ನೆನಪಾಗಬಹುದು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಊರು ಇನ್ನೊಂದು ಕಾರಣಕ್ಕೆ ಹೆಸರಾಯಿತು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಮಾಧ್ಯಮ ಕೇಂದ್ರವನ್ನು ನಡೆಸಿದವು. ಹಳ್ಳಿಯವರೇ ಕಾರ್ಯಕ್ರಮ ತಯಾರಿಸಿ ಧ್ವನಿಮುದ್ರಿಸುತ್ತಿದ್ದರು. ಸಮುದಾಯ ಸಂಘಟನೆಗಳು ರೇಡಿಯೋ ಕೇಂದ್ರ ನಡೆಸಲು ಆಗ ಅನುಮತಿ ಇರಲಿಲ್ಲ. ಆ ಅವಕಾಶ ದೊರೆತದ್ದು 2006ರ ನವೆಂಬರಿನಲ್ಲಿ. ಹಾಗಾಗಿ ಕಾರ್ಯಕ್ರಮಗಳು ಕೇಬಲ್ ಮೂಲಕ ಮನೆಗಳಿಗೆ ತಲುಪುತ್ತಿದ್ದವು.

ಇಂಥ ಯಾವುದೇ ಕೇಂದ್ರದಲ್ಲಿ ಗಣಕದ ಮೇಲೆ ಧ್ವನಿಮುದ್ರಣ ನಡೆಯುತ್ತಿದೆ ಎಂದು ಊಹಿಸಿಕೊಳ್ಳಿ. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಸೆಕೆಂಡಿಗೆ 44,100 ಮಾದರಿಗಳು, ಎರಡು ವಾಹಿನಿಗಳು, ಪ್ರತಿ ಮಾದರಿಗೆ 2 ಬೈಟ್. ಅಂದರೆ ಸೆಕೆಂಡಿಗೆ 1,76,400 ಬೈಟ್ ಮಾಹಿತಿ ಹಾರ್ಡ್‌ಡಿಸ್ಕ್ ಸೇರಬೇಕು. ಅದೇ ಹೊತ್ತಿನಲ್ಲಿ ಯಾರೋ ಹಳೆಯ ಕಾರ್ಯಕ್ರಮಗಳನ್ನು ನಕಲು ಮಾಡತೊಡಗಿದರೆ ಏನಾಗುತ್ತದೆ? ಮಾತನಾಡುವವರು ಡಿಸ್ಕಿಗಾಗಿ ಕಾಯುವುದಿಲ್ಲ. ಬಫರ್ ಎಂಬ ಮಧ್ಯಂತರ ಸ್ಮೃತಿ ಸ್ವಲ್ಪ ಹೊತ್ತು ಮಾತನ್ನು ಹಿಡಿದಿಡುತ್ತದೆ. ಅದೂ ತುಂಬಿದರೆ ಮಾತು ಅಲ್ಲಲ್ಲಿ ತುಂಡಾಗುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಡಿಸ್ಕ್ ಎಷ್ಟು ಹೊತ್ತು ಕಾಯಿಸಿತು?

ಸರಳವಾಗಿ ಕಾಣುವ ಈ ಪ್ರಶ್ನೆಗೆ ಉತ್ತರಿಸುವ ಸಾಧನಗಳು ರೂಪುಗೊಳ್ಳಲು ದಶಕಗಳೇ ಬೇಕಾದವು. ಅವುಗಳಲ್ಲಿ ಕೆಲವು ಮುಖ್ಯ ಭಾಗಗಳನ್ನು ಬರೆದವರು ಬೂದಿಕೋಟೆಯಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದ ಬೆಂಗಳೂರಿನಲ್ಲಿದ್ದರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ತಿರುಗುವ ತಟ್ಟೆಯ ಲೆಕ್ಕ

ಐಬಿಎಂ ಸಂಸ್ಥೆ 1956ರಲ್ಲಿ 'ರಾಮ್ಯಾಕ್' ಗಣಕದೊಡನೆ ಮೊದಲ ಹಾರ್ಡ್‌ಡಿಸ್ಕನ್ನು ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಯಂತ್ರ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಬೇಕಾದ ಮಾಹಿತಿಯನ್ನು ತಲುಪಲು ಸರಾಸರಿ 600 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡಿಗೂ ಮಿಕ್ಕಿದ ಹೊತ್ತು ಹಿಡಿಯುತ್ತಿತ್ತು.

ಈಗ 2000ದ ದಶಕದಲ್ಲಿ ಶಾಲೆ, ಕಚೇರಿಗಳ ಗಣಕಗಳಲ್ಲಿ ಸಾಮಾನ್ಯವಾಗಿದ್ದ 80 ಗಿಗಾಬೈಟ್‌ನ ಡಿಸ್ಕನ್ನು ನೋಡೋಣ. ಅದು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಭಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್ ಬೇಕು. ತಲೆಯನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಸುಮಾರು 9 ಮಿಲಿಸೆಕೆಂಡ್. ಒಟ್ಟು ಸುಮಾರು 13 ಮಿಲಿಸೆಕೆಂಡ್.

ಎರಡನ್ನೂ ಹೋಲಿಸಿ. ಐವತ್ತು ವರ್ಷಗಳಲ್ಲಿ ಡಿಸ್ಕಿನ ಧಾರಣಶಕ್ತಿ ಸುಮಾರು 16,000 ಪಟ್ಟು ಹೆಚ್ಚಿತು. ಆದರೆ ಕಾಯುವ ಹೊತ್ತು ಇಳಿದದ್ದು 50 ಪಟ್ಟಿಗಿಂತಲೂ ಕಡಿಮೆ. ಲೋಹದ ತೋಳನ್ನು ಸರಿಸುವುದಕ್ಕೂ ತಟ್ಟೆಯನ್ನು ತಿರುಗಿಸುವುದಕ್ಕೂ ಭೌತಶಾಸ್ತ್ರ ಹಾಕಿದ ಮಿತಿಗಳಿವೆ.

ಈ 13 ಮಿಲಿಸೆಕೆಂಡಿನ ಪರಿಣಾಮವೇನು? ಮಾಹಿತಿ ಡಿಸ್ಕಿನ ಮೇಲೆ ಚದುರಿಹೋಗಿದ್ದರೆ ಸೆಕೆಂಡಿಗೆ ಸುಮಾರು 76 ಬೇಡಿಕೆಗಳನ್ನಷ್ಟೇ ಪೂರೈಸಬಹುದು. ಪ್ರತಿ ಬೇಡಿಕೆ 4 ಕಿಲೋಬೈಟ್‌ನದಾದರೆ ಸೆಕೆಂಡಿಗೆ 300 ಕಿಲೋಬೈಟ್ ಮಾತ್ರ. ಅದೇ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ ಹತ್ತಾರು ಮೆಗಾಬೈಟ್ ಕೊಡಬಲ್ಲದು! ನಮ್ಮ ಧ್ವನಿಮುದ್ರಣಕ್ಕೆ ಬೇಕಾದದ್ದು ಸುಮಾರು 176 ಕಿಲೋಬೈಟ್. ಚದುರಿದ ಬೇಡಿಕೆಗಳ ನಡುವೆ ಇನ್ನೊಂದು ಕೆಲಸವೂ ಪಾಲು ಕೇಳಿದರೆ ಕೊರತೆ ಬೀಳುವುದು ಸಹಜ. ಆದ್ದರಿಂದ 'ಈ ಡಿಸ್ಕಿನ ವೇಗ ಎಷ್ಟು?' ಎಂಬುದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಅದು ಏನು ಕೆಲಸ ಮಾಡುತ್ತಿದೆ ಎಂಬುದನ್ನು ಅವಲಂಬಿಸಿದೆ.

ಹನ್ನೊಂದು ಅಂಕಿಗಳು

ಡಿಸ್ಕಿನ ಕೆಲಸವನ್ನು ಎಣಿಸಿ ತೋರಿಸುವ 'ಐಓಸ್ಟಾಟ್' ಎಂಬ ಆದೇಶ 1970ರ ದಶಕದ ಯೂನಿಕ್ಸ್‌ನಲ್ಲೇ ಇತ್ತು. 1991ರಲ್ಲಿ ಹುಟ್ಟಿದ ಲಿನಕ್ಸ್‌ಗಾಗಿ ಅದೇ ಹೆಸರಿನ ಸಾಧನವನ್ನು ಸೆಬಾಸ್ಟಿಯನ್ ಗೊಡಾರ್ ತಮ್ಮ 'ಸಿಸ್‌ಸ್ಟಾಟ್' ಎಂಬ ಮುಕ್ತ ತಂತ್ರಾಂಶ ಸಂಗ್ರಹದಲ್ಲಿ ಒದಗಿಸಿದರು. ಇಂಥ ಸಾಧನಗಳು ತಾವಾಗಿ ಏನನ್ನೂ ಅಳೆಯುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಎಣಿಸಿಟ್ಟದ್ದನ್ನು ಓದಿ ಹೇಳುತ್ತವೆ. ಕರ್ನೆಲ್ ಎಣಿಸದಿದ್ದರೆ ಅವುಗಳಿಗೂ ಹೇಳಲು ಏನೂ ಇರುವುದಿಲ್ಲ.

2001ರ ಲಿನಕ್ಸ್ 2.4 ಆವೃತ್ತಿಯಲ್ಲಿ ಇದೇ ತೊಂದರೆ ಇತ್ತು. ಎಷ್ಟು ಬಾರಿ ಓದಿತು, ಎಷ್ಟು ಬರೆಯಿತು ಎಂಬ ಲೆಕ್ಕವನ್ನು ಅದು ಸಾರ್ವತ್ರಿಕವಾಗಿ ಕೊಡುತ್ತಿತ್ತು. ಎಷ್ಟು ಹೊತ್ತು ಹಿಡಿಯಿತು ಎಂಬುದು ಅದರಲ್ಲಿರಲಿಲ್ಲ. ಸ್ಟೀಫನ್ ಟ್ವೀಡಿ ಬರೆದ 'ಸಾರ್ಡ್' ಎಂಬ ಹೆಚ್ಚುವರಿ ತೇಪೆ ಈ ಕೊರತೆಯನ್ನು ತುಂಬುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿಯಲ್ಲಿ ಕಾಲದ ಲೆಕ್ಕವೂ ಸೇರಿ, ಪ್ರತಿ ಡಿಸ್ಕಿಗೆ ಹನ್ನೊಂದು ಅಂಕಿಗಳ 'ಡಿಸ್ಕ್‌ಸ್ಟಾಟ್ಸ್' ಎಂಬ ಕಡತ ಎಲ್ಲರಿಗೂ ದೊರೆಯಿತು. ಮುಗಿದ ಓದುಗಳು, ಒಂದಕ್ಕೊಂದು ಕೂಡಿಸಿದ ಓದುಗಳು, ಓದಿದ ಸೆಕ್ಟರುಗಳು, ಓದಿಗೆ ಹಿಡಿದ ಮಿಲಿಸೆಕೆಂಡುಗಳು ಎಂಬ ನಾಲ್ಕು. ಬರೆಯುವುದಕ್ಕೆ ಇಂಥವೇ ನಾಲ್ಕು. ಕೊನೆಯ ಮೂರು, ಈಗ ಬಾಕಿ ಇರುವ ಬೇಡಿಕೆಗಳು, ಡಿಸ್ಕ್ ಕೆಲಸದಲ್ಲಿದ್ದ ಹೊತ್ತು ಮತ್ತು ಬಾಕಿ ಬೇಡಿಕೆಗಳ ಸಂಖ್ಯೆಯಿಂದ ತೂಗಿದ ಹೊತ್ತು. ಮುಂದೆ 2018 ಮತ್ತು 2020ರಲ್ಲಿ ಈ ಸಾಲಿಗೆ ಇನ್ನಷ್ಟು ಅಂಕಿಗಳು ಸೇರಿದವು.

ಒಂದು ಲೆಕ್ಕ ಮಾಡಿ ನೋಡೋಣ. ಈಗ 'ಮುಗಿದ ಓದುಗಳು' 10,000 ಮತ್ತು 'ಓದಿಗೆ ಹಿಡಿದ ಹೊತ್ತು' 80,000 ಮಿಲಿಸೆಕೆಂಡ್ ಇವೆ ಎಂದುಕೊಳ್ಳಿ. ಹತ್ತು ಸೆಕೆಂಡುಗಳ ನಂತರ ಅವು 10,600 ಮತ್ತು 86,000 ಆಗಿವೆ. ವ್ಯತ್ಯಾಸ ತೆಗೆಯಿರಿ. 600 ಓದುಗಳು 10 ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ 60. ಹಿಡಿದ ಹೊತ್ತು 6,000 ಮಿಲಿಸೆಕೆಂಡ್, ಅಂದರೆ ಪ್ರತಿ ಓದಿಗೆ ಸರಾಸರಿ 10 ಮಿಲಿಸೆಕೆಂಡ್. ಸೆಕೆಂಡಿಗೆ 60 ಬೇಡಿಕೆಗಳು, ಪ್ರತಿಯೊಂದೂ 0.010 ಸೆಕೆಂಡ್ ಒಳಗಿರುತ್ತದೆ ಎಂದರೆ ಯಾವುದೇ ಕ್ಷಣದಲ್ಲಿ ಸರಾಸರಿ 60 x 0.010 = 0.6 ಬೇಡಿಕೆಗಳು ಬಾಕಿ ಇರುತ್ತವೆ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಸರತಿ ಸಾಲಿನ ನಿಯಮವಿದು. ಬ್ಯಾಂಕಿನ ಕೌಂಟರಿಗೂ ಡಿಸ್ಕಿಗೂ ಒಂದೇ ನಿಯಮ. ತೂಗಿದ ಹೊತ್ತಿನ ಅಂಕಿಯನ್ನು ಕಾಲಾವಧಿಯಿಂದ ಭಾಗಿಸಿದರೂ ಇದೇ ಉತ್ತರ ಬರುತ್ತದೆ.

ಗಣಿಯ ಕೇಜ್ ಕಲಿಸುವ ಪಾಠ

ಆದರೆ ಅಂಕಿಗಳು ನಮ್ಮನ್ನು ದಾರಿ ತಪ್ಪಿಸಲೂಬಹುದು. ಬೂದಿಕೋಟೆಯ ನೆರೆಯ ಕೋಲಾರ ಚಿನ್ನದ ಗಣಿಗಳನ್ನು ನೆನೆಯಿರಿ. 2001ರಲ್ಲಿ ಮುಚ್ಚುವ ಮುನ್ನ ಅವು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಕೆಲಸಗಾರರು ಇಳಿಯಲು, ಏರಲು 'ಕೇಜ್' ಎಂಬ ಪಂಜರದಂಥ ತೊಟ್ಟಿಲು. ದಿನವಿಡೀ ಕೇಜ್ ಓಡುತ್ತಲೇ ಇತ್ತು ಎಂದು ಯಾರಾದರೂ ಹೇಳಿದರೆ ಬಾಯಿಯ ಬಳಿ ಎಷ್ಟು ಜನ ಕಾದಿದ್ದರು ಎಂಬುದು ಅದರಿಂದ ತಿಳಿಯುತ್ತದೆಯೇ? ಇಲ್ಲ. ಒಬ್ಬೊಬ್ಬರನ್ನೇ ಸಾಗಿಸುತ್ತ ಓಡಿದರೂ, ತುಂಬಿಕೊಂಡು ಓಡಿದರೂ ಕೇಜ್ ಓಡುತ್ತಲೇ ಇರುತ್ತದೆ.

ಐಓಸ್ಟಾಟ್ ತೋರಿಸುವ 'ಶೇಕಡಾ ಬಳಕೆ'ಯೂ ಹೀಗೆಯೇ. ಕನಿಷ್ಠ ಒಂದು ಬೇಡಿಕೆಯಾದರೂ ಬಾಕಿ ಇದ್ದ ಹೊತ್ತನ್ನು ಅದು ಹೇಳುತ್ತದೆ. ಒಂದು ಬಾರಿಗೆ ಒಂದೇ ಕೆಲಸ ಮಾಡುವ ತಟ್ಟೆ-ತೋಳಿನ ಡಿಸ್ಕಿಗೆ ಶೇಕಡಾ 100 ಎಂದರೆ ಅದು ತನ್ನ ಮಿತಿ ತಲುಪಿದೆ ಎಂದು ಅರ್ಥೈಸಬಹುದು. ಹಲವು ಬೇಡಿಕೆಗಳನ್ನು ಒಟ್ಟೊಟ್ಟಿಗೆ ಪೂರೈಸುವ ಸಾಲಿಡ್ ಸ್ಟೇಟ್ ಡ್ರೈವ್‌ಗಳಿಗೆ, ಅನೇಕ ಡಿಸ್ಕುಗಳನ್ನು ಜೋಡಿಸಿದ ರೈಡ್ ವ್ಯವಸ್ಥೆಗೆ ಇದು ಹೊಂದುವುದಿಲ್ಲ. ಐಓಸ್ಟಾಟ್‌ನ ಕೈಪಿಡಿಯೇ ಈ ಎಚ್ಚರಿಕೆಯನ್ನು ನೀಡುತ್ತದೆ. 'ಸೇವಾ ಅವಧಿ' ಎಂಬ ಇನ್ನೊಂದು ಕಾಲಮ್ಮನ್ನು ನಂಬಬೇಡಿ ಎಂದು ಅದೇ ಕೈಪಿಡಿ ಬಹುಕಾಲ ಹೇಳುತ್ತಿತ್ತು. ಕೊನೆಗೆ ಆ ಕಾಲಮ್ಮನ್ನೇ ತೆಗೆದುಹಾಕಲಾಯಿತು.

ಸರಾಸರಿಯ ತೊಂದರೆ ಇನ್ನೂ ಸೂಕ್ಷ್ಮವಾದುದು. ನೂರು ಓದುಗಳು ತಲಾ 10 ಮಿಲಿಸೆಕೆಂಡ್ ಹಿಡಿದರೆ ಸರಾಸರಿ 10. ತೊಂಬತ್ತೊಂಬತ್ತು ಓದುಗಳು ತಲಾ 5 ಮಿಲಿಸೆಕೆಂಡ್ ಹಿಡಿದು, ಒಂದು ಮಾತ್ರ 505 ಮಿಲಿಸೆಕೆಂಡ್ ಹಿಡಿದರೂ ಸರಾಸರಿ 10! ಧ್ವನಿಮುದ್ರಣದಲ್ಲಿ ಮಾತು ತುಂಡಾಗುವಂತೆ ಮಾಡುವುದು ಅರ್ಧ ಸೆಕೆಂಡಿನ ಅಂಥ ಒಂದು ವಿಳಂಬ. ಹನ್ನೊಂದು ಅಂಕಿಗಳಲ್ಲಿ ಅದು ಕಾಣುವುದೇ ಇಲ್ಲ. ಅದನ್ನು ಹಿಡಿಯಬೇಕಾದರೆ ಕರ್ನೆಲ್‌ನ ಒಳಕ್ಕೆ ಇಳಿದು, ಒಂದೊಂದು ಬೇಡಿಕೆಯನ್ನೂ ಬೇರೆಯಾಗಿ ಅಳೆಯಬೇಕು.

ಬೆಂಗಳೂರಿನಿಂದ ಹೋದ ಕೊಡುಗೆ

ಬೆಂಗಳೂರಿನಲ್ಲಿದ್ದ ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ತಂತ್ರಜ್ಞರು ಈ ಇತಿಹಾಸದಲ್ಲಿ ಬರುವುದು ಇಲ್ಲಿ. ಲಿನಕ್ಸ್ 2.5ರಲ್ಲಿ ಡಿಸ್ಕ್ ಬೇಡಿಕೆಗಳನ್ನು ನಿಭಾಯಿಸುವ ಪದರವನ್ನು ಯೆನ್ಸ್ ಆಕ್ಸ್‌ಬೋ ಮೊದಲಿಂದ ಹೊಸದಾಗಿ ಬರೆದರು. ಆ ಬದಲಾವಣೆಯನ್ನು ಉಳಿದ ತಂತ್ರಜ್ಞರಿಗೆ ವಿವರಿಸುವ ದಾಖಲೆ 2002ರ ಜನವರಿಯಲ್ಲಿ ಸಿದ್ಧವಾಯಿತು. ಅದರ ಲೇಖಕರು ಇಬ್ಬರು: ಆಕ್ಸ್‌ಬೋ ಮತ್ತು ಬೆಂಗಳೂರಿನ ಸುಪರ್ಣಾ ಭಟ್ಟಾಚಾರ್ಯ. ಡಿಸ್ಕಿನ ಉತ್ತರಕ್ಕಾಗಿ ಕೈಕಟ್ಟಿ ಕಾಯದೆ ಬೇರೆ ಕೆಲಸ ಮುಂದುವರಿಸುವ ವಿಧಾನದ ಬಗ್ಗೆಯೂ ಸುಪರ್ಣಾ ಕೆಲಸ ಮಾಡಿದರು. 2003ರ ಒಟ್ಟಾವಾ ಲಿನಕ್ಸ್ ವಿಚಾರ ಸಂಕಿರಣದಲ್ಲಿ ಅವರು ಮತ್ತು ಸಂಗಡಿಗರು ಆ ಕುರಿತು ಪ್ರಬಂಧ ಮಂಡಿಸಿದರು.

ಇನ್ನೂ ದೂರಗಾಮಿಯಾದ ಕೊಡುಗೆ 'ಕೆಪ್ರೋಬ್ಸ್'. ಈ ಕಡತದ ತಲೆಬರಹದಲ್ಲೇ ಅದರ ಇತಿಹಾಸ ಬರೆದಿದೆ. 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ ಎಸ್. ಇದನ್ನು ರಚಿಸಿದರು. 2004ರ ಜುಲೈನಲ್ಲಿ ಸುಪರ್ಣಾ, ಆಗಸ್ಟಿನಲ್ಲಿ ಪ್ರಸನ್ನ ಪಂಚಮುಖಿ ಇದನ್ನು ಬೆಳೆಸಿದರು. ಮೂವರ ಹೆಸರಿನ ಮುಂದೆಯೂ ಐಬಿಎಂನ ಭಾರತ ವಿಭಾಗದ ವಿಳಾಸವಿದೆ. 2004ರ ಅಕ್ಟೋಬರಿನ ಲಿನಕ್ಸ್ 2.6.9ರಲ್ಲಿ ಅದು ಅಧಿಕೃತ ಕರ್ನೆಲ್‌ಗೆ ಸೇರಿತು. ಮುಂದೆ ಕೆಪ್ರೋಬ್ಸ್‌ನ ಪಾಲಕರ ಪಟ್ಟಿಯಲ್ಲಿ ಅನಂತ್ ಮಾವಿನಕಾಯನಹಳ್ಳಿ ಎಂಬ ಹೆಸರೂ ಸೇರಿತು. ಕನ್ನಡ ಬಲ್ಲ ಯಾರಿಗಾದರೂ ಆ ಹೆಸರಿನಲ್ಲಿ ಒಂದು ಹಳ್ಳಿ ಕಾಣಿಸುತ್ತದೆ.

ಕೆಪ್ರೋಬ್ಸ್ ಹೇಗೆ ಕೆಲಸ ಮಾಡುತ್ತದೆ? ಅದಕ್ಕೂ ಮೊದಲು ಕರ್ನೆಲ್‌ನೊಳಗೆ ಹೊಸದೇನನ್ನಾದರೂ ಅಳೆಯಬೇಕೆಂದರೆ ಸಾಮಾನ್ಯವಾಗಿ ಅದರ ಮೂಲ ಸಂಕೇತವನ್ನು ತಿದ್ದಿ, ಮತ್ತೆ ಸಂಕಲಿಸಿ, ಗಣಕವನ್ನು ಹೊಸದಾಗಿ ಆರಂಭಿಸಬೇಕಿತ್ತು. ಎಷ್ಟೋ ಸಲ ಅಷ್ಟರಲ್ಲಿ ತೊಂದರೆಯೇ ಮಾಯವಾಗಿರುತ್ತಿತ್ತು! ಕೆಪ್ರೋಬ್ಸ್‌ನಲ್ಲಿ ನಾವು ಕರ್ನೆಲ್‌ನ ಒಂದು ಜಾಗವನ್ನು ಸೂಚಿಸಿದರೆ ಸಾಕು. ಅಲ್ಲಿನ ಯಂತ್ರ ನಿರ್ದೇಶವನ್ನು ನಕಲಿಸಿಟ್ಟುಕೊಂಡು, ಅದರ ಜಾಗದಲ್ಲಿ 'ಇಲ್ಲಿ ನಿಲ್ಲು' ಎನ್ನುವ ಬ್ರೇಕ್‌ಪಾಯಿಂಟ್ ನಿರ್ದೇಶವನ್ನು ಇಡಲಾಗುತ್ತದೆ. ಇಂಟೆಲ್ ಮಾದರಿಯ ಸಂಸ್ಕಾರಕದಲ್ಲಿ ಅದು ಒಂದೇ ಬೈಟ್. ಸಂಸ್ಕಾರಕ ಅಲ್ಲಿಗೆ ಬಂದಾಗ ನಿಯಂತ್ರಣ ನಮ್ಮ ಪುಟ್ಟ ಕ್ರಮವಿಧಿಗೆ ಬರುತ್ತದೆ. ಅದು ಹೊತ್ತನ್ನು ಗುರುತು ಹಾಕಿಕೊಳ್ಳುತ್ತದೆ. ನಂತರ ನಕಲಿಸಿಟ್ಟ ಮೂಲ ನಿರ್ದೇಶ ನಡೆದು ಕರ್ನೆಲ್ ತನ್ನ ದಾರಿ ಹಿಡಿಯುತ್ತದೆ. ಗಣಕವನ್ನು ಒಮ್ಮೆಯೂ ನಿಲ್ಲಿಸಬೇಕಿಲ್ಲ.

ಡಿಸ್ಕಿಗೆ ಬೇಡಿಕೆ ಹೋಗುವ ಜಾಗದಲ್ಲಿ ಒಂದು ಪ್ರೋಬ್, ಅದು ಮುಗಿಯುವ ಜಾಗದಲ್ಲಿ ಇನ್ನೊಂದು. ಎರಡೂ ಹೊತ್ತುಗಳ ವ್ಯತ್ಯಾಸವೇ ಆ ಒಂದು ಬೇಡಿಕೆ ಕಾದ ಕಾಲ. ಇದರೊಡನೆ 505 ಮಿಲಿಸೆಕೆಂಡಿನ ಆ ಒಂಟಿ ಓದು ಸಿಕ್ಕಿಬೀಳುತ್ತದೆ. 2005ರಲ್ಲಿ ಆರಂಭವಾದ 'ಸಿಸ್ಟಂಟ್ಯಾಪ್' ಈ ತಳಹದಿಯ ಮೇಲೆಯೇ ನಿಂತಿತು. 2015ರಲ್ಲಿ ಲಿನಕ್ಸ್ 4.1 ಬಂದಾಗ 'ಇಬಿಪಿಎಫ್' ಎಂಬ ಸುರಕ್ಷಿತ ಕ್ರಮವಿಧಿಗಳನ್ನು ಪ್ರೋಬ್‌ಗಳಿಗೆ ಜೋಡಿಸುವುದು ಸಾಧ್ಯವಾಯಿತು. ಡಿಸ್ಕ್ ವಿಳಂಬಗಳನ್ನು ಸ್ತಂಭಾಲೇಖವಾಗಿ ತೋರಿಸುವ 'ಬಯೋಲೇಟೆನ್ಸಿ' ಮೊದಲು ರೂಪುಗೊಂಡದ್ದು ಹೀಗೆ ಪ್ರೋಬ್‌ಗಳನ್ನು ಬಳಸಿಕೊಂಡೇ.

ಯಾರು ಕಾಯುತ್ತಿದ್ದಾರೆ?

ಇನ್ನೊಂದು ಪ್ರಶ್ನೆ ಉಳಿಯಿತು. ಡಿಸ್ಕ್ ನಿಧಾನವಾಗಿದೆ ಸರಿ, ಅದರಿಂದ ಕಷ್ಟಪಡುತ್ತಿರುವ ಕ್ರಮವಿಧಿ ಯಾವುದು? ಐಬಿಎಂನ ಶೈಲಭ್ ನಾಗರ್ ಮತ್ತು ಬಲ್ಬೀರ್ ಸಿಂಗ್ 2006ರಲ್ಲಿ ಇದಕ್ಕೆ 'ವಿಳಂಬ ಲೆಕ್ಕಪತ್ರ'ವನ್ನು ಸೇರಿಸಿದರು. ಅದು 2.6.18 ಆವೃತ್ತಿಯಲ್ಲಿ ಬಂತು. ಪ್ರತಿ ಕ್ರಮವಿಧಿಯೂ ಸಂಸ್ಕಾರಕಕ್ಕಾಗಿ ಎಷ್ಟು ಕಾಯಿತು, ಡಿಸ್ಕಿನ ಓದು-ಬರಹಕ್ಕಾಗಿ ಎಷ್ಟು ಕಾಯಿತು, ಸ್ಮೃತಿ ಸಾಲದೆ ಡಿಸ್ಕಿಗೆ ಸರಿಸಿದ ಪುಟಗಳನ್ನು ಮರಳಿ ತರಲು ಎಷ್ಟು ಕಾಯಿತು ಎಂಬುದನ್ನು ಅದು ಬೇರೆ ಬೇರೆಯಾಗಿ ಹೇಳಿತು. 'ಐಓಟಾಪ್' ಎಂಬ ಜನಪ್ರಿಯ ಸಾಧನ ಬಳಸುವುದು ಇದೇ ಮಾಹಿತಿಯನ್ನು.

ಈ ವ್ಯತ್ಯಾಸ ಏಕೆ ಮುಖ್ಯ? ನಿಮ್ಮ ಶಾಲೆಯ ಗಣಕ ಕೊಠಡಿಯನ್ನೇ ತೆಗೆದುಕೊಳ್ಳಿ. 'ಗಣಕ ಬಹಳ ನಿಧಾನ, ಹೊಸದು ಬೇಕು' ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಡಿಸ್ಕಿನ ದೀಪ ಸದಾ ಮಿನುಗುತ್ತಿದ್ದರೆ ದೋಷ ಡಿಸ್ಕಿನದೇ ಎನಿಸುತ್ತದೆ. ಸ್ಮೃತಿ ಸಾಲದೆ ಪುಟಗಳು ಡಿಸ್ಕಿಗೂ ಸ್ಮೃತಿಗೂ ನಡುವೆ ಓಡಾಡುತ್ತಿದ್ದರೂ ದೀಪ ಹಾಗೆಯೇ ಮಿನುಗುತ್ತದೆ. ಮೊದಲನೆಯದಕ್ಕೆ ಹೊಸ ಡಿಸ್ಕ್ ಬೇಕಾಗಬಹುದು, ಎರಡನೆಯದಕ್ಕೆ ಕಡಿಮೆ ಬೆಲೆಯ ಸ್ಮೃತಿ ಪಟ್ಟಿಕೆಯೊಂದು ಸಾಕು. ಅಳೆಯದೆ ನಿರ್ಧರಿಸಿದರೆ ಇದ್ದ ಸ್ವಲ್ಪ ಅನುದಾನವೂ ವ್ಯರ್ಥವಾದೀತು.

ಮಾಡ್ಯೂಲ್ ಬರೆಯುವವರು ತಿಳಿದಿರಬೇಕಾದದ್ದು

ಗಣಕಗಳ ಮೇಲೆ ನಿಗಾ ಇಡುವ ಮುಕ್ತ ತಂತ್ರಾಂಶಗಳು ಹಲವಿವೆ. ಅವುಗಳಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಗ್ಯಾಂಗ್ಲಿಯಾ' ನೂರಾರು ಗಣಕಗಳ ಸ್ಥಿತಿಯನ್ನು ಒಂದೇ ಪರದೆಯಲ್ಲಿ ತೋರಿಸುತ್ತಿತ್ತು. 2008ರ 3.1 ಆವೃತ್ತಿಯಿಂದ ಅದಕ್ಕೆ ಸಿ ಅಥವಾ ಪೈಥಾನ್ ಭಾಷೆಯಲ್ಲಿ ಮಾಡ್ಯೂಲ್ ಬರೆದು ಜೋಡಿಸಬಹುದಾಯಿತು. ಡಿಸ್ಕ್ ಮಾಡ್ಯೂಲ್ ಮಾಡುವ ಕೆಲಸವನ್ನು ನೀವು ಈಗಾಗಲೇ ಕಲಿತಿದ್ದೀರಿ: ಎರಡು ಬಾರಿ ಓದು, ವ್ಯತ್ಯಾಸ ತೆಗೆ, ಭಾಗಿಸು. ಹತ್ತನೆಯ ತರಗತಿಯ ಗಣಿತ ಸಾಕು.

ಆದರೂ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, ಎಣಿಕೆ ಸುತ್ತು ಬರುವುದು. 32 ಬಿಟ್‌ನ ಎಣಿಕೆಯಲ್ಲಿ ಹಿಡಿಸುವ ಮಿಲಿಸೆಕೆಂಡುಗಳು ಸುಮಾರು 429 ಕೋಟಿ, ಅಂದರೆ 49.7 ದಿನಗಳು. ಆ ಮೇಲೆ ಅದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಇದನ್ನು ಗಮನಿಸದ ಮಾಡ್ಯೂಲ್ ಒಂದು ದಿನ ಇದ್ದಕ್ಕಿದ್ದಂತೆ ಅಸಂಬದ್ಧ ಅಂಕಿ ತೋರಿಸುತ್ತದೆ. ಎರಡನೆಯದು, ಸೊನ್ನೆಯಿಂದ ಭಾಗಿಸುವುದು. ಹತ್ತು ಸೆಕೆಂಡಿನಲ್ಲಿ ಒಂದೂ ಓದು ನಡೆಯದಿದ್ದರೆ ಸರಾಸರಿಗೆ ಅರ್ಥವಿಲ್ಲ.

ಮೂರನೆಯದು, ಅಳೆಯುವ ಕೆಲಸಕ್ಕೂ ಬೆಲೆ ಇದೆ. ಬಿಸಿ ನೀರಿಗೆ ತಾಪಮಾಪಕ ಅದ್ದಿದರೆ ಅದೂ ಸ್ವಲ್ಪ ಶಾಖವನ್ನು ಹೀರುತ್ತದಲ್ಲವೇ? ಹಾಗೆಯೇ ಇದು. ಇದೇ ಕಾರಣದಿಂದ 2021ರ ಲಿನಕ್ಸ್ 5.14ರಿಂದ ವಿಳಂಬ ಲೆಕ್ಕಪತ್ರವನ್ನು ಬೇಕೆಂದವರು ತಾವೇ ಚಾಲೂ ಮಾಡಬೇಕು. ಡಿಸ್ಕ್‌ಸ್ಟಾಟ್ಸ್‌ನ ಎಣಿಕೆಯನ್ನೂ ಬೇಡವೆಂದರೆ ನಿಲ್ಲಿಸುವ ಅವಕಾಶವಿದೆ.

ಬರೆದದ್ದನ್ನು ಒಪ್ಪಿಸುವ ವಿಧಾನಕ್ಕೂ ಒಂದು ಶಿಸ್ತಿದೆ. ತೇಪೆಯನ್ನು ಸಾರ್ವಜನಿಕವಾಗಿ ಮುಂದಿಡಬೇಕು. ಜಗತ್ತಿನ ಯಾರು ಬೇಕಾದರೂ ಅದರಲ್ಲಿ ದೋಷ ಹುಡುಕಬಹುದು. ತಿದ್ದಿ ಮತ್ತೆ ಕಳುಹಿಸಬೇಕು. 2004ರಿಂದ ಲಿನಕ್ಸ್‌ಗೆ ಸೇರುವ ಪ್ರತಿ ತೇಪೆಯಲ್ಲೂ 'ಇದನ್ನು ಕೊಡುವ ಹಕ್ಕು ನನಗಿದೆ' ಎಂದು ಕೊಡುವವರು ಹೆಸರು ಹಾಕಿ ದೃಢಪಡಿಸುತ್ತಾರೆ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಆರಂಭವಾಗಿ, 2005ರಲ್ಲಿ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆದ ಸಮ್ಮೇಳನವೂ ಇದನ್ನೇ ಒತ್ತಿ ಹೇಳುತ್ತಿತ್ತು: ಬಳಸುವುದಷ್ಟೇ ಸಾಲದು, ಕೊಡಬೇಕು.

ಕೊಟ್ಟದ್ದು ಶಾಶ್ವತವಾಗಿ ಹಾಗೆಯೇ ಉಳಿಯುವುದೂ ಇಲ್ಲ. 2004ರಲ್ಲಿ ಸುಪರ್ಣಾ ಸೇರಿಸಿದ 'ಜಂಪರ್ ಪ್ರೋಬ್' ಎಂಬ ಭಾಗವನ್ನು, ಉತ್ತಮ ಬದಲಿಗಳು ಬಂದದ್ದರಿಂದ, 2018ರಲ್ಲಿ ತೆಗೆಯಲಾಯಿತು. ಹೊಸ ಪ್ರಯೋಗ ಹಳೆಯ ಉಪಕರಣವನ್ನು ಬದಿಗೆ ಸರಿಸುವುದು ವಿಜ್ಞಾನದಲ್ಲಿ ಸಾಮಾನ್ಯ. ಕಡತದ ತಲೆಬರಹದಲ್ಲಿ ಬರೆದವರ ಹೆಸರು ಮಾತ್ರ ಉಳಿದಿದೆ. ಅದನ್ನು ಯಾವ ವಿದ್ಯಾರ್ಥಿಯೂ ತೆರೆದು ಓದಬಹುದು.

ಶಿಕ್ಷಕರಿಗೆ ಒಂದು ಸಲಹೆ. ಲಿನಕ್ಸ್ ಇರುವ ಗಣಕವೊಂದರಲ್ಲಿ ಡಿಸ್ಕ್‌ಸ್ಟಾಟ್ಸ್ ಕಡತವನ್ನು ತೆರೆದು, ಡಿಸ್ಕಿನ ಸಾಲಿನ ಅಂಕಿಗಳನ್ನು ಮಕ್ಕಳಿಂದ ಬರೆಸಿ. ಅದುವರೆಗೆ ತೆರೆಯದ ದೊಡ್ಡ ಕಡತವೊಂದನ್ನು ನಕಲು ಮಾಡಿಸಿ, ಮತ್ತೆ ಅಂಕಿಗಳನ್ನು ಬರೆಸಿ. ವ್ಯತ್ಯಾಸ ತೆಗೆದು ಸರಾಸರಿಯನ್ನು ಅವರೇ ಕಂಡುಹಿಡಿಯಲಿ. ನಂತರ ಕೇಳಿ: ಈ ಸರಾಸರಿ ನಮ್ಮಿಂದ ಏನನ್ನು ಮುಚ್ಚಿಡುತ್ತಿದೆ?